ಹಿರಿಯರು ಬಿದ್ದಾಗ

'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಸೋತರೂ ಸೋಲನ್ನೊಪ್ಪದ ಜಂಭಗಾರನನ್ನು ಕಂಡು ಜನ ಆಡುವ ಮಾತು ಅದು. ಆದರೆ ವಯಸ್ಸಾದವರ ಮಟ್ಟಿಗೆ ಈ ಗಾದೆಗೆ ಬೇರೊಂದು ಅರ್ಥವೇ ಹುಟ್ಟಿಕೊಂಡಿದೆ. ಎಪ್ಪತ್ತು ದಾಟಿದ ಎಷ್ಟೋ ಮಂದಿ ಬಚ್ಚಲಲ್ಲಿ ಜಾರಿ, ಹೊಸ್ತಿಲಲ್ಲಿ ಎಡವಿ, ನಿಜವಾಗಿಯೇ ಬೀಳುತ್ತಾರೆ; ಹೇಗೋ ಸಾವರಿಸಿಕೊಂಡು ಎದ್ದು, ಬಟ್ಟೆ ಕೊಡವಿಕೊಂಡು, ಏನೂ ನಡೆಯಲಿಲ್ಲವೆಂಬಂತೆ ನಡುಮನೆಗೆ ಬಂದು ಕುಳಿತುಬಿಡುತ್ತಾರೆ. ಹೀಗೆ ಮುಚ್ಚಿಡುವುದು ಜಂಭದಿಂದಲ್ಲ, ಅಂಜಿಕೆಯಿಂದ. ಆ ಅಂಜಿಕೆ ಯಾವುದರದು, ಅದನ್ನು ಹುಟ್ಟಿಸಿದವರು ಯಾರು, ಅದರಿಂದ ಆಗುತ್ತಿರುವ ಕೇಡು ಎಷ್ಟು ಎಂಬುದನ್ನು ಕುರಿತು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ಮುದುಕರು ಬೀಳುವುದೂ ಒಂದು ಸಮಾಚಾರವೆ ಎಂದು ಕೆಲವರು ಕೇಳಬಹುದು. ಎಲೆ ಹಣ್ಣಾದರೆ ಉದುರುತ್ತದೆ, ಮೈ ಹಣ್ಣಾದರೆ ಬೀಳುತ್ತದೆ, ಇದರಲ್ಲಿ ವಿಶೇಷವೇನು ಎಂಬ ಮನೋಭಾವ ನಮ್ಮಲ್ಲಿ ಬೇರೂರಿದೆ. ಅಂಕಿಗಳು ಹೇಳುವುದೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನಲ್ಲಿ ಪ್ರತಿವರ್ಷವೂ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕವಾದ ಪೆಟ್ಟುಗಳಿಂದ ಬರುವ ಮರಣಗಳಲ್ಲಿ ರಸ್ತೆಯ ಅಪಘಾತಗಳನ್ನು ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೇ ಸಲ್ಲುತ್ತದೆ. ಹೀಗೆ ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಈ ಮರಣಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಸಂಭವಿಸುವುದು ನಮ್ಮಂಥ ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ. ಅರವತ್ತೈದು ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ಅದೇ ಸಂಸ್ಥೆಯ 2007ರ ವರದಿ ಹೇಳುತ್ತದೆ. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿ 38 ಲಕ್ಷ ಮಂದಿ ಇದ್ದರು. ಅದು ಒಟ್ಟು ಜನಸಂಖ್ಯೆಯ ನೂರಕ್ಕೆ 8.6 ಭಾಗ. ಕರ್ನಾಟಕದಲ್ಲಿ ಈ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚಾಗಿ, ನೂರಕ್ಕೆ 9.5ರಷ್ಟಿತ್ತು. ಇಷ್ಟು ದೊಡ್ಡ ಸಮುದಾಯಕ್ಕೆ ತಟ್ಟುವ ಆಪತ್ತನ್ನು ವಿಧಿಯೆಂದು ತಳ್ಳಿಹಾಕುವುದು ವಿವೇಕವಲ್ಲ.

ಬಸ್ಸು ಉರುಳಿ ನಾಲ್ವರು ಸತ್ತರೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಬಚ್ಚಲಲ್ಲಿ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡ ಅಜ್ಜಿಯ ಸಾವು 'ವಯೋಸಹಜ' ಎಂಬ ಒಂದು ಪದದಲ್ಲಿ ಮುಗಿದುಹೋಗುತ್ತದೆ. ದೊಡ್ಡವರು ಬಿದ್ದಾಗ ಮಾತ್ರ ಕೆಲವು ದಿನ ನಮಗೆ ಎಚ್ಚರವಾಗುತ್ತದೆ. ಮಾಜಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು 2020ರ ಆಗಸ್ಟ್ ತಿಂಗಳಲ್ಲಿ ದೆಹಲಿಯ ತಮ್ಮ ಮನೆಯಲ್ಲಿ ಬಿದ್ದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುದರಿಂದ ಶಸ್ತ್ರಚಿಕಿತ್ಸೆ ನಡೆಯಿತು. ಜೊತೆಗೆ ಕೋವಿಡ್ ಸೋಂಕೂ ಕಾಣಿಸಿತು. ಅದೇ ತಿಂಗಳ 31ರಂದು ಅವರು ತೀರಿಕೊಂಡರು. ನಮ್ಮ ರಾಜ್ಯದವರೇ ಆದ ಆಸ್ಕರ್ ಫರ್ನಾಂಡಿಸ್ ಅವರು 2021ರ ಜುಲೈನಲ್ಲಿ ಮಂಗಳೂರಿನ ಮನೆಯಲ್ಲಿ ಯೋಗಾಭ್ಯಾಸ ಮಾಡುತ್ತಿದ್ದಾಗ ಬಿದ್ದರು. ಆಗ ಅವರಿಗೆ ಎಂಬತ್ತು ವರ್ಷ. ಮೇಲೆ ಗಾಯವೇನೂ ಕಾಣಲಿಲ್ಲ. ಆಮೇಲೆ ಆಸ್ಪತ್ರೆಗೆ ತಪಾಸಣೆಗೆಂದು ಹೋದಾಗ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಿಳಿಯಿತು. ಎರಡು ತಿಂಗಳು ಸೆಣಸಿ ಸೆಪ್ಟೆಂಬರ್ 13ರಂದು ಅವರು ಕಣ್ಣುಮುಚ್ಚಿದರು. ನೆರೆಯ ತೆಲಂಗಾಣದಲ್ಲಿ ಆಗತಾನೆ ಅಧಿಕಾರದಿಂದಿಳಿದಿದ್ದ ಕೆ. ಚಂದ್ರಶೇಖರ ರಾವ್ ಅವರು 2023ರ ಡಿಸೆಂಬರ್‌ನಲ್ಲಿ ತಮ್ಮ ತೋಟದ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಕಾವಲು, ಕೈಯಾಳು, ವೈದ್ಯರು, ಏನೊಂದಕ್ಕೂ ಕೊರತೆಯಿಲ್ಲದವರ ಪಾಡೇ ಹೀಗಾದರೆ, ಮಗನೂ ಸೊಸೆಯೂ ದುಡಿಮೆಗೆ ಹೋದ ಮೇಲೆ ಹಗಲೆಲ್ಲ ಒಂಟಿಯಾಗಿರುವ ಸಾಮಾನ್ಯರ ಪಾಡೇನು?

ನಾನು ವಾಸವಾಗಿರುವ ಹೂಟಗಳ್ಳಿ ಈ ವಿಷಯವನ್ನು ಚಿಂತಿಸುವುದಕ್ಕೆ ತಕ್ಕ ಸ್ಥಳವೆಂದು ನನಗೆ ತೋರುತ್ತದೆ. ಹುಣಸೂರು ರಸ್ತೆಯ ಬದಿಯ ಈ ಊರು, ಹೆಸರಿನಲ್ಲಿ ಹಳ್ಳಿಯನ್ನು ಉಳಿಸಿಕೊಂಡೇ ಕೈಗಾರಿಕಾ ಪ್ರದೇಶವಾಯಿತು; ಗೃಹಮಂಡಳಿಯ ಬಡಾವಣೆಯಾಯಿತು; 2020ರಲ್ಲಿ ನಗರಸಭೆಯ ಪಟ್ಟವನ್ನೂ ಪಡೆಯಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಇಲ್ಲಿಯ ಮತ್ತು ಸುತ್ತಲಿನ ಬೆಳವಾಡಿ, ಕೂರ್ಗಳ್ಳಿ, ಹೆಬ್ಬಾಳ, ಮೇಟಗಳ್ಳಿಗಳ ಕಾರ್ಖಾನೆಗಳಿಗೆ ಯುವಕರಾಗಿ ಬಂದು ಸೇರಿದವರು ಈಗ ನಿವೃತ್ತರಾಗಿದ್ದಾರೆ. ಅವರು ಸಾಲಮಾಡಿ ಮನೆ ಕಟ್ಟಿದ್ದು ತಮ್ಮ ನಲವತ್ತನೆಯ ವಯಸ್ಸಿನಲ್ಲಿ. ಕಟ್ಟಿಸಿದ್ದೂ ನಲವತ್ತರ ಕಾಲುಗಳಿಗೆ. ಚಿಕ್ಕ ನಿವೇಶನದಲ್ಲಿ ಜಾಗ ಉಳಿಸಲೆಂದು ಮಾಡಿದ ಕಡಿದಾದ ಮೆಟ್ಟಿಲು, ಬಚ್ಚಲಿಗೆ ಇಳಿಯುವಲ್ಲಿ ಒಂದು ಹೆಜ್ಜೆ ತಗ್ಗು, ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಪಾಚಿ, ಆಮೇಲೆ ಮಗನ ಮದುವೆಯ ಸಮಯದಲ್ಲಿ ಹಾಸಿದ ಕನ್ನಡಿಯಂತೆ ಹೊಳೆಯುವ ಟೈಲ್ಸು: ಮನೆ ಹಾಗೆಯೇ ಇದೆ, ಕಾಲುಗಳಿಗೆ ಮಾತ್ರ ಎಪ್ಪತ್ತಾಗಿದೆ.

ಇಲ್ಲೊಂದು ವಿಪರ್ಯಾಸವಿದೆ. ಇದೇ ಜನ ದುಡಿದ ಕಾಲದಲ್ಲಿ ಜಾರುವ ನೆಲದಿಂದ ಅವರನ್ನು ಕಾಪಾಡುವುದಕ್ಕೆ ದೇಶದ ಕಾನೂನೇ ನಿಂತಿತ್ತು. 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಪ್ರಕರಣವು, ಕಾರ್ಖಾನೆಯ ನೆಲ, ಮೆಟ್ಟಿಲು, ಓಡಾಡುವ ಹಾದಿಗಳು ಭದ್ರವಾಗಿರತಕ್ಕದ್ದು, ಅಡೆತಡೆಗಳಿಲ್ಲದೆ, ಜಾರಿಸುವಂಥ ವಸ್ತುಗಳಿಲ್ಲದೆ ಇರತಕ್ಕದ್ದು, ಅಗತ್ಯವಾದ ಕಡೆ ಗಟ್ಟಿಯಾದ ಕೈಪಿಡಿಗಳಿರತಕ್ಕದ್ದು ಎಂದು ವಿಧಿಸಿತ್ತು. ಬೀಳುವುದು ದುಡಿಯುವವನ ಗ್ರಹಚಾರವಲ್ಲ, ನೆಲದ ದೋಷವೂ ಆಗಿರಬಹುದು ಎಂಬ ತಿಳಿವಳಿಕೆ ಆ ಒಂದು ಪ್ರಕರಣದೊಳಗೆ ಅಡಗಿದೆ. ಮೂವತ್ತು ವರ್ಷ ಈ ರಕ್ಷಣೆಯಲ್ಲಿ ನಡೆದಾಡಿದ ಮನುಷ್ಯ, ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನದಿಂದ ಆ ರಕ್ಷಣೆಯನ್ನು ಗೇಟಿನಾಚೆಯೇ ಬಿಟ್ಟುಬಂದಂತಾಯಿತು. ಅದರ ಅಗತ್ಯ ನಿಜವಾಗಿ ಹೆಚ್ಚಾಗುವುದು ಅಲ್ಲಿಂದಾಚೆಗೆ!

ನಮ್ಮ ಬೀದಿಯಲ್ಲಿ ಅಂಥ ನಿವೃತ್ತರೊಬ್ಬರಿದ್ದಾರೆ. ಯಂತ್ರಗಳ ನಡುವೆ ಅಷ್ಟು ಕಾಲ ದುಡಿದೂ ಬೆರಳಿನ ತುದಿಯೊಂದನ್ನೂ ಕಳೆದುಕೊಳ್ಳದೆ ಹೊರಬಂದವರು. ಮಳೆಗಾಲದ ಒಂದು ಬೆಳಿಗ್ಗೆ ಅವರ ಮೊಣಕೈಯ ಬಳಿ ಹಸಿರುಗಟ್ಟಿದ ಕಲೆಯನ್ನು ಕಂಡು ಏನಾಯಿತೆಂದು ಕೇಳಿದೆ. ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಹಿತ್ತಲಲ್ಲಿ ಜಾರಿದೆ, ಮೇಷ್ಟ್ರೇ. ಮನೇಲಿ ಹೇಳಿಲ್ಲ. ಹೇಳಿದ್ರೆ ನಾಳೆಯಿಂದ ಗೇಟು ದಾಟೋ ಹಾಗಿಲ್ಲ."

"ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ, ಯಜಮಾನರೆ?"

"ಅಲ್ಲಿ ಬರೆದುಕೊಡಬೇಕಾಗಿತ್ತು. ಸೂಪರ್‌ವೈಸರ್ ಬಂದು ನೆಲ ನೋಡೋರು. ಎಣ್ಣೆ ಎಲ್ಲಿಂದ ಸೋರ್ತಿದೆ ಅಂತ ಹುಡುಕೋರು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಮನೇಲಿ ನನ್ನ ನೋಡ್ತಾರೆ. ನೆಲ ನೋಡಲ್ಲ."

ಇಡೀ ಸಮಸ್ಯೆಯ ತಿರುಳು ಈ ಎರಡು ವಾಕ್ಯಗಳಲ್ಲಿದೆ. ಹಿರಿಯರು ಬಿದ್ದರೆಂದು ಕೇಳಿದೊಡನೆ ನಮ್ಮ ಬಾಯಿಂದ ಬರುವ ಮೊದಲ ಮಾತು, 'ನಿಮ್ಮನ್ನು ಅಲ್ಲಿಗೆ ಹೋಗಿ ಎಂದವರು ಯಾರು?' ಎಂಬುದು. ಮಾತಿನಲ್ಲಿ ಅಕ್ಕರೆಯಿದೆ, ಗಾಬರಿಯಿದೆ. ಆದರೆ ಅದು ಪ್ರಶ್ನೆಯಲ್ಲ, ತೀರ್ಪು. ಅದರ ಬೆನ್ನಿಗೇ ಶಿಕ್ಷೆಯೂ ಬರುತ್ತದೆ: ನಾಳೆಯಿಂದ ಸಂಜೆಯ ಸುತ್ತಾಟ ಬೇಡ, ಮಹಡಿ ಹತ್ತುವುದು ಬೇಡ, ಹಾಲು ತರುವುದು ಬೇಡ, ಒಬ್ಬರೇ ದೇವಸ್ಥಾನಕ್ಕೆ ಹೋಗುವುದು ಬೇಡ. ಸತ್ಯ ಹೇಳಿದ್ದಕ್ಕೆ ಸ್ವಾತಂತ್ರ್ಯವೇ ದಂಡವಾದರೆ ಸತ್ಯ ಹೇಳುವವರು ಯಾರು? ಹೀಗಾಗಿ ಮೊದಲ ಬೀಳು ಮುಚ್ಚಿಹೋಗುತ್ತದೆ, ಎರಡನೆಯದೂ ಮುಚ್ಚಿಹೋಗುತ್ತದೆ; ಮನೆಯವರಿಗೆ ತಿಳಿಯುವುದು ಮೂಳೆ ಮುರಿದ ಮೂರನೆಯದು. ಮೊದಲ ಸಲವೇ 'ಹೇಗೆ ಬಿದ್ದಿರಿ?' ಎಂಬ ಪ್ರಶ್ನೆ ಬಂದಿದ್ದರೆ ಆ ಮೂರನೆಯದು ತಪ್ಪುತ್ತಿತ್ತೋ ಏನೋ.

'ಹೇಗೆ' ಎಂಬ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ ಕನ್ನಡದಷ್ಟು ಅನುಕೂಲವಾದ ಭಾಷೆ ಮತ್ತೊಂದಿದೆಯೋ ಇಲ್ಲವೋ ಅರಿಯೆ. ಪಾಠ ಹೇಳುವವನ ಕಿವಿಗೆ ಇದು ಬೇಗ ಕೇಳಿಸುತ್ತದೆ. ಬೀಳುವುದು ಕೊನೆಯ ಕ್ರಿಯೆ. ಅದಕ್ಕೆ ಮೊದಲು ನಡೆದದ್ದನ್ನು ಹೇಳುವುದಕ್ಕೆ ನಮ್ಮಲ್ಲಿ ಜಾರು, ಎಡವು, ತೂರಾಡು, ಕುಸಿ ಎಂಬ ಬೇರೆಬೇರೆ ಧಾತುಗಳಿವೆ. ಒಂದೊಂದು ಧಾತುವೂ ಒಂದೊಂದು ಕಾರಣದ ಕಡೆಗೆ ಬೆರಳು ತೋರಿಸುತ್ತದೆ.

ಜಾರಿದರು ಎಂದರೆ ದೋಷ ಬಹುಮಟ್ಟಿಗೆ ನೆಲದ್ದು ಅಥವಾ ಪಾದರಕ್ಷೆಯದು: ಸೋಪಿನ ನೀರು, ಚೆಲ್ಲಿದ ಎಣ್ಣೆ, ಪಾಚಿ, ಸವೆದ ಹವಾಯಿ ಚಪ್ಪಲಿ. ಎಡವಿದರು ಎಂದರೆ ಕಾಲಿಗೆ ಏನೋ ತಗುಲಿತು, ಅಥವಾ ಕಾಲು ಏಳಬೇಕಾದಷ್ಟು ಏಳಲಿಲ್ಲ, ಅಥವಾ ಕಣ್ಣಿಗೆ ಕಾಣಲಿಲ್ಲ. ಮಡಿಸಿಕೊಂಡ ಕಾಲೊರಸು, ನೆಲದ ಮೇಲಿನ ವೈರು, ಪಂಚೆ ಸೀರೆಗಳ ಅಂಚು, ಕಣ್ಣಿನ ಪೊರೆ, ಇವೆಲ್ಲ ಈ ಗುಂಪಿನವು. ಮೆಟ್ಟಿಲುಗಳ ಎತ್ತರವೂ ಇಲ್ಲಿ ಸೇರುತ್ತದೆ. ವಾಸದ ಮನೆಗಳಲ್ಲಿ ಒಂದು ಮೆಟ್ಟಿಲು 190 ಮಿಲಿಮೀಟರಿಗಿಂತ ಎತ್ತರವಾಗಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಬಡಾವಣೆಗಳಲ್ಲಿ ಒಂದೇ ಸಾಲಿನ ಮೆಟ್ಟಿಲುಗಳೇ ಒಂದಕ್ಕೊಂದು ಸಮನಾಗಿರುವುದಿಲ್ಲ. ಹೊಸ್ತಿಲನ್ನು ತೆಗೆಯಿರಿ ಎಂದು ನಾನು ಹೇಳಲಾರೆ. ಆದರೆ ಅರಿಸಿನ ಬಳಿದ ಹೊಸ್ತಿಲು ಮಂದ ಬೆಳಕಿನಲ್ಲೂ ಕಣ್ಣಿಗೆ ಬೀಳುತ್ತದೆ. ನೆಲದ ಬಣ್ಣದಲ್ಲೇ ಕರಗಿಹೋದ ಗ್ರಾನೈಟ್ ಹೊಸ್ತಿಲು ಕಾಲಿಗೆ ತಗುಲಿದ ಮೇಲೆಯೇ ತಿಳಿಯುತ್ತದೆ. ಅಂಚು ಕಾಣುವಂತಿರಬೇಕು ಎಂಬುದಷ್ಟೇ ಇಲ್ಲಿಯ ನೀತಿ.

ತೂರಾಡಿದರು, ತಲೆ ಸುತ್ತಿತು ಎಂದರೆ ನೋಟವನ್ನು ನೆಲದಿಂದ ಕಿವಿಗೆ ತಿರುಗಿಸಬೇಕು. ದೇಹದ ಸಮತೋಲನವನ್ನು ಕಾಯುವ ಅಂಗ ಒಳಗಿವಿಯಲ್ಲಿದೆ. ಅಲ್ಲಿಯ ಸಣ್ಣ ಹರಳುಗಳು ಸ್ಥಾನ ತಪ್ಪಿದರೆ ಮಗ್ಗುಲು ಬದಲಿಸಿದರೂ ಮನೆಯೆಲ್ಲ ತಿರುಗುತ್ತದೆ. ಇದಕ್ಕೆ ಪರೀಕ್ಷೆಯೂ ಪರಿಹಾರವೂ ಉಂಟು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಮಾತು ಬಾರದ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಎಲ್ಲರಿಗೂ ಗೊತ್ತು. ತಲೆ ಸುತ್ತುವ ಅಜ್ಜನ ಸಮತೋಲನವನ್ನೂ ಅಲ್ಲಿ ಪರೀಕ್ಷಿಸುತ್ತಾರೆಂಬುದು ಬಲ್ಲವರು ಕಡಮೆ. ಕುಸಿದರು ಎಂದರೆ ವಿಷಯ ಹೃದಯಕ್ಕೋ ರಕ್ತದ ಒತ್ತಡಕ್ಕೋ ಸಂಬಂಧಿಸಿರಬಹುದು. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷಗಳೊಳಗೆ ಒತ್ತಡದ ಮೇಲಿನ ಅಂಕಿ 20 ಅಥವಾ ಅದಕ್ಕೂ ಹೆಚ್ಚು ಇಳಿದರೆ ಅದು ಲಕ್ಷಣವೆಂದು ವೈದ್ಯರು ಎಣಿಸುತ್ತಾರೆ. ನಡುರಾತ್ರಿ ಮೂತ್ರಕ್ಕೆಂದು ಥಟ್ಟನೆ ಏಳುವಾಗ ಬೀಳುವವರಲ್ಲಿ ಅನೇಕರದು ಈ ಬಗೆ. ಒತ್ತಡಕ್ಕೆ, ನಿದ್ದೆಗೆ, ಸಕ್ಕರೆಗೆ ಎಂದು ಬೇರೆಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳು ಒಂದೇ ಹೊಟ್ಟೆಯಲ್ಲಿ ಸೇರಿದಾಗಲೂ ಹೀಗಾಗುವುದುಂಟು.

ವೈದ್ಯರ ಮುಂದೆ ನಿಂತು 'ಬಿದ್ದುಬಿಟ್ಟರು ಡಾಕ್ಟರೇ' ಎಂದಷ್ಟೇ ಹೇಳಿದರೆ ಅವರು ಮೂಳೆಯನ್ನು ನೋಡಿ ಕಳುಹಿಸುತ್ತಾರೆ. 'ಎದ್ದು ನಿಂತ ಕೂಡಲೇ ಕುಸಿದರು' ಎಂದರೆ ಮಾತ್ರೆಗಳ ಪಟ್ಟಿಯನ್ನು ಕೇಳುತ್ತಾರೆ. ಆದರೆ ಆ ಧಾತುವನ್ನು ಹೇಳಬಲ್ಲವರು ಬಿದ್ದವರೊಬ್ಬರೇ. ಅವರನ್ನು ನಾವು ಬಾಯಿ ಮುಚ್ಚಿಸಿ ಕೂರಿಸಿದ್ದೇವೆ.

ಒಂದೇ ಕಾರಣದಿಂದ ಬೀಳುವವರು ಅಪರೂಪ ಎಂಬುದನ್ನೂ ನೆನಪಿಡಬೇಕು. ಅಮೆರಿಕದ ವೈದ್ಯೆ ಮೇರಿ ಟಿನೆಟಿ ಮತ್ತು ಸಂಗಡಿಗರು ಎಪ್ಪತ್ತೈದು ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಪಾಯದ ಕಾರಣ ಒಂದೂ ಇಲ್ಲದವರಲ್ಲಿ ಬೀಳುವ ಸಂಭವ ನೂರಕ್ಕೆ 8 ಮಾತ್ರ. ನಾಲ್ಕು ಅಥವಾ ಹೆಚ್ಚು ಕಾರಣಗಳು ಕೂಡಿದವರಲ್ಲಿ ನೂರಕ್ಕೆ 78. ಹಾಗಾದರೆ ವಯಸ್ಸೊಂದೇ ಬೀಳಿಸುವುದಿಲ್ಲ. ಕಾರಣಗಳು ಕೂಡಿ ಬೀಳಿಸುತ್ತವೆ. ನಾಲ್ಕರಲ್ಲಿ ಎರಡನ್ನು ಕಳೆದರೂ ಲೆಕ್ಕ ಬದಲಾಗುತ್ತದೆ. ಮನಸ್ಸಿಗೂ ನಡಿಗೆಗೂ ಇರುವ ನಂಟನ್ನು ಸ್ವೀಡನ್ನಿನ ಉಮೆಯೊ ನಗರದ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟರು. 58 ಮಂದಿ ವೃದ್ಧರ ಜೊತೆಯಲ್ಲಿ ನಡೆಯುತ್ತ ಅವರನ್ನು ಮಾತಿಗೆಳೆದಾಗ 12 ಮಂದಿ ಉತ್ತರ ಕೊಡಲು ನಿಂತುಬಿಟ್ಟರು. ಆರು ತಿಂಗಳೊಳಗೆ ಆ 12ರಲ್ಲಿ 10 ಮಂದಿ ಬಿದ್ದರು. ಮಾತಿಗೂ ಹೆಜ್ಜೆಗೂ ಒಟ್ಟಿಗೆ ಗಮನ ಸಾಲದಿರುವುದೇ ಎಚ್ಚರಿಕೆಯ ಗಂಟೆ. ಇಷ್ಟನ್ನು ಗಮನಿಸುವುದಕ್ಕೆ ಯಂತ್ರ ಬೇಡ. ಜೊತೆಗೆ ನಡೆಯುವವರೊಬ್ಬರು ಇದ್ದರೆ ಸಾಕು.

ಬಿದ್ದ ಮೇಲಿನ ಅಪಾಯಗಳು ಮೂರು ಬಗೆ. ಮೊದಲನೆಯದು ಮೂಳೆಯದು. ಸೊಂಟ ಮುರಿಯಿತೆಂದು ನಾವು ಹೇಳುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ ಮುರಿದಾಗ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುವುದರಿಂದ ಇದಕ್ಕೆ ಹೆಚ್ಚು ತುತ್ತಾಗುವವರು ಅಜ್ಜಿಯರು. ಬಿದ್ದವರ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದ್ದರೆ ತೈಲ ತಿಕ್ಕುತ್ತ, ಕಟ್ಟು ಕಟ್ಟಿಸುತ್ತ ದಿನ ಕಳೆಯಬಾರದು. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಿ ಮತ್ತೆ ನಿಲ್ಲಿಸುವುದೇ ಪ್ರಾಣ ಉಳಿಸುವ ಮಾರ್ಗ. ಎರಡನೆಯದು ತಲೆಯದು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರಿಗೆ ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಒಳಗಿನ ಸ್ರಾವ ಕೆಲವೊಮ್ಮೆ ವಾರಗಳ ಮೇಲೆ ಮಂಕಾಗಿ, ಮರೆವಾಗಿ ಕಾಣಿಸಿಕೊಳ್ಳುತ್ತದೆ. ಮೂರನೆಯದು, ಬಿದ್ದಲ್ಲೇ ಬಿದ್ದಿರುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದು 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿದ್ದು ಒಂದು ಗಂಟೆಗೂ ಹೆಚ್ಚು ಹೊತ್ತು ನೆಲದ ಮೇಲೆಯೇ ಇದ್ದವರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡರೆಂದು ಕಂಡುಬಂತು. ಆ ಅಧ್ಯಯನದಲ್ಲಿ ಭಾಗವಹಿಸಿದ್ದ ವೈದ್ಯ ಬರ್ನಾರ್ಡ್ ಐಸಾಕ್ಸ್ ಅವರು ಮುಪ್ಪಿನ ನಾಲ್ವರು ದೈತ್ಯರನ್ನು ಹೆಸರಿಸಿದ್ದರು: ನಡೆಯಲಾರದಿರುವುದು, ನೆಲೆತಪ್ಪಿ ಬೀಳುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಬುದ್ಧಿ ಮಂಕಾಗುವುದು. ಒಬ್ಬ ದೈತ್ಯ ಬಾಗಿಲು ತೆರೆದರೆ ಉಳಿದ ಮೂವರು ಹಿಂದೆಯೇ ಒಳಗೆ ಬರುತ್ತಾರೆ.

ಈ ಮೂರಕ್ಕೂ ಮೀರಿದ ನಾಲ್ಕನೆಯ ಅಪಾಯವೊಂದಿದೆ. ಅದನ್ನು ತರುವವರು ನಾವೇ. ಬಿದ್ದವರನ್ನು ಕಾಪಾಡುವ ಹೆಸರಿನಲ್ಲಿ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಇಳಿಸುತ್ತೇವೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಮಿನಷ್ಟು ಮಾಂಸಖಂಡ ಕರಗಿಹೋಯಿತು. ರೋಗವಿಲ್ಲದವರ ಗತಿ ಇದಾದರೆ, ಬಿದ್ದು ಹೆದರಿದವರ ಗತಿಯೇನು? ಓಡಾಟ ನಿಂತರೆ ಕಾಲು ಸೊರಗುತ್ತದೆ. ಕಾಲು ಸೊರಗಿದರೆ ಬಚ್ಚಲಿನ ತನಕ ಹೋಗುವುದೂ ಸಾಹಸವಾಗುತ್ತದೆ. ಆ ಹತ್ತು ಹೆಜ್ಜೆಯಲ್ಲೇ ಮತ್ತೆ ಬೀಳುತ್ತಾರೆ. 'ಎಡವಿದ ಕಾಲೇ ಎಡವುತ್ತದೆ' ಎಂಬ ಗಾದೆ ಸುಳ್ಳಲ್ಲ. ಆದರೆ ಎಡವಿದ ಕಾಲನ್ನು ಕಟ್ಟಿಹಾಕಿ ಇನ್ನಷ್ಟು ಎಡವುವ ಕಾಲನ್ನಾಗಿ ಮಾಡುವ ಕೆಲಸ ನಮ್ಮ ಪ್ರೀತಿಯದು.

ಮಕ್ಕಳ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ಮಗ, ಮಕ್ಕಳನ್ನು ಶಾಲೆಗೆ ಕಳುಹಿಸಿ ತಾನೂ ಕೆಲಸಕ್ಕೆ ಓಡುವ ಸೊಸೆ, ಇವರು ದಿನವಿಡೀ ಅಪ್ಪನ ಬೆನ್ನ ಹಿಂದೆ ನಡೆಯಲಾರರು. ಒಂದು ಸಲ ಮೂಳೆ ಮುರಿದರೆ ಆಗುವ ಖರ್ಚು, ರಜೆ, ನಿದ್ದೆಗೇಡು, ನೆಂಟರಿಷ್ಟರ ಚುಚ್ಚುಮಾತು, ಎಲ್ಲವೂ ಅವರ ತಲೆಯ ಮೇಲೆಯೇ ಬೀಳುತ್ತವೆ. 'ನಾಳೆ ಏನಾದರೂ ಆದರೆ ಜನ ನಮ್ಮನ್ನೇ ಅಲ್ಲವೆ ಕೇಳುವುದು?' ಎಂಬ ಸೊಸೆಯ ಮಾತಿನಲ್ಲಿ ಕಾಠಿಣ್ಯವಿಲ್ಲ, ದಿಗಿಲಿದೆ. ಅಪಾಯವೇ ಇಲ್ಲದಂತೆ ಮಾಡುವುದೊಂದೇ ಅವರಿಗೆ ಕಾಣುವ ದಾರಿ. ಆದರೆ ನಡೆಯುವವನಿಗೆ ಬೀಳುವ ಅಪಾಯ ಇದ್ದೇ ಇರುತ್ತದೆ. ಅಪಾಯವೇ ಇಲ್ಲದವನು ನಡಿಗೆಯೂ ಇಲ್ಲದವನು. ಎಷ್ಟು ಅಪಾಯವನ್ನು ಸಹಿಸಿ ಎಷ್ಟು ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನದಲ್ಲಿ ಕಾಲು ಯಾರದೋ ಅವರಿಗೂ ಒಂದು ಮಾತಿರಬೇಕು.

ಈ ಎರಡರ ನಡುವೆ ದಾರಿಯಿಲ್ಲದಿಲ್ಲ. ಟಿನೆಟಿಯವರ ತಂಡವೇ 1994ರಲ್ಲಿ ಇನ್ನೊಂದು ಪ್ರಯೋಗವನ್ನು ವರದಿಮಾಡಿತು. ಮಾತ್ರೆಗಳನ್ನು ಸರಿಹೊಂದಿಸಿ, ಕಾಲಿಗೆ ವ್ಯಾಯಾಮ ಕಲಿಸಿ, ನಡೆವಳಿಕೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಸಿದವರಲ್ಲಿ ಒಂದು ವರ್ಷದಲ್ಲಿ ನೂರಕ್ಕೆ 35 ಮಂದಿ ಬಿದ್ದರು. ಇವಾವುದನ್ನೂ ಮಾಡದವರಲ್ಲಿ 47 ಮಂದಿ. ವ್ಯಾಯಾಮವನ್ನು ಕುರಿತ 108 ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಪರಾಮರ್ಶೆಯೊಂದು, ಸಮತೋಲನ ಮತ್ತು ಕಾಲಿನ ಬಲಗಳ ಅಭ್ಯಾಸದಿಂದ ಬೀಳುವ ಪ್ರಮಾಣ ಸುಮಾರು ನಾಲ್ಕರಲ್ಲೊಂದು ಪಾಲು ಇಳಿಯುತ್ತದೆಂದು ತೋರಿಸಿತು. ಮೈಸೂರಿನವರಿಗೆ ಯೋಗ ಹೊಸದಲ್ಲ. ಗೋಡೆಯ ಪಕ್ಕದಲ್ಲಿ, ಹಿಡಿದುಕೊಳ್ಳಲು ಕುರ್ಚಿಯೊಂದನ್ನಿಟ್ಟುಕೊಂಡು, ತಿಳಿದವರೆದುರಿಗೆ ಒಂಟಿಕಾಲಿನ ನಿಲುವನ್ನೂ ಕುಳಿತು ಏಳುವುದನ್ನೂ ಅಭ್ಯಾಸಮಾಡುವುದು ಕಷ್ಟವಲ್ಲ. ಬಚ್ಚಲಲ್ಲಿ ಮೈಭಾರ ತಡೆಯುವ ಹಿಡಿಕೆ, ಮಂಚದಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಉರಿಯುವ ಸಣ್ಣ ದೀಪ, ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣ, ಒಳಗಿನಿಂದ ಚಿಲಕ ಹಾಕಿದರೂ ಹೊರಗಿನಿಂದ ತೆರೆಯಬಹುದಾದ ಬಾಗಿಲು, ಕೊರಳಲ್ಲೋ ಜೇಬಿನಲ್ಲೋ ಸದಾ ಇರುವ ಮೊಬೈಲು: ಇವುಗಳ ಒಟ್ಟು ಖರ್ಚು ಆಸ್ಪತ್ರೆಯ ಒಂದು ದಿನದ ಖರ್ಚಿಗೆ ಬಹುಶಃ ಮೀರಲಾರದು. ಊರುಗೋಲಿನ ಎತ್ತರ ಮಣಿಕಟ್ಟಿನ ಮಟ್ಟಕ್ಕಿರಬೇಕು; ಅದನ್ನು ಹಿಡಿಯಬೇಕಾದದ್ದು ನೋಯುವ ಕಾಲಿನ ಎದುರು ಪಕ್ಕದ ಕೈಯಲ್ಲಿ. ಇಷ್ಟನ್ನೂ ಹೇಳಿಕೊಡದೆ ಕೋಲನ್ನು ಕೈಗಿಡುವುದು, ಕನ್ನಡಕವನ್ನು ಅಳತೆ ನೋಡದೆ ಕೊಂಡಂತೆ.

ಮನೆಯಾಚೆಗೆ ನೋಡಿದರೆ ಸರ್ಕಾರಗಳ ಪಾತ್ರ ಕಾಣುತ್ತದೆ. ಎಪ್ಪತ್ತು ದಾಟಿದವರಿಗೆಲ್ಲ ವರಮಾನದ ಭೇದವಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ವೆಚ್ಚವನ್ನು ಭರಿಸುವ ಆಯುಷ್ಮಾನ್ ಯೋಜನೆಯ ವಿಸ್ತರಣೆಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟಿತು. ಇದು ಮೆಚ್ಚತಕ್ಕದ್ದೇ. ಆದರೆ ಆ ಹಣ ಹೊರಡುವುದು ಮೂಳೆ ಮುರಿದು ಆಸ್ಪತ್ರೆಗೆ ಸೇರಿದ ಮೇಲೆ. ಮೂಳೆ ಮುರಿಯದಂತೆ ನೋಡಿಕೊಳ್ಳುವ ಹಿಡಿಕೆಗೆ, ದೀಪಕ್ಕೆ, ವ್ಯಾಯಾಮ ಕಲಿಸುವವರಿಗೆ ಅದರಲ್ಲಿ ಎಡೆಯಿಲ್ಲ. ಪಾದಚಾರಿಗಳ ಮಾರ್ಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಾಗಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. ನಮ್ಮ ಬಡಾವಣೆಯ ಬೀದಿಗಳಲ್ಲಿ ಒಂದೊಂದು ಮನೆಯ ಮುಂದೆಯೂ ಕಾರಿಗಾಗಿ ಒಂದೊಂದು ಇಳಿಜಾರು, ಅದರ ಪಕ್ಕದಲ್ಲಿ ಬಾಯ್ದೆರೆದ ಚರಂಡಿ, ಅಲುಗಾಡುವ ಕಲ್ಲುಚಪ್ಪಡಿ. ಹಿರಿಯರು ವಿಧಿಯಿಲ್ಲದೆ ನಡುಬೀದಿಗಿಳಿದು ನಡೆಯುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಯರಿಗೆ ಬಸ್ಸಿನ ಟಿಕೆಟ್ಟು ಉಚಿತವಾಯಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರದಲ್ಲಿದೆ. ಹೊಸ ಪಟ್ಟಗಳನ್ನು ಪಡೆಯುವ ಊರುಗಳು ದೊಡ್ಡ ದ್ವಾರಗಳನ್ನು ಕಟ್ಟುವುದಕ್ಕೆ ಮೊದಲು ಒಂದು ಫರ್ಲಾಂಗು ಸಮತಟ್ಟಾದ ಕಾಲುದಾರಿಯನ್ನು ಕಟ್ಟಿದರೆ ಅದಕ್ಕಿಂತ ದೊಡ್ಡ ಪುರಸೇವೆ ಬೇರೊಂದಿಲ್ಲ.

ಅಕ್ಟೋಬರ್ 1ನ್ನು ಹಿರಿಯ ನಾಗರಿಕರ ದಿನವೆಂದು ಜಗತ್ತೆಲ್ಲ ಆಚರಿಸುತ್ತದೆ. ನಮ್ಮಲ್ಲಿಯೂ ಆ ದಿನ ಹಿರಿಯರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಆ ವೇದಿಕೆಗೆ ಏರುವ ಮೆಟ್ಟಿಲುಗಳಿಗೆ ಸಾಮಾನ್ಯವಾಗಿ ಹಿಡಿಕೆಯಿರುವುದಿಲ್ಲ. ಹಾರದ ಭಾರ ಹೊತ್ತು, ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಸ್ಮರಣಿಕೆ ಹಿಡಿದು, ಅವರು ಹೇಗೆ ಕೆಳಗಿಳಿಯುತ್ತಾರೆಂಬುದನ್ನು ನೋಡುವವರು ಕಡಮೆ; ಅಷ್ಟು ಹೊತ್ತಿಗೆ ಮುಂದಿನವರ ಹೆಸರನ್ನು ಕೂಗಿರುತ್ತಾರೆ. ಗೌರವವೆಂದರೆ ಮೇಲೇರಿಸುವುದಷ್ಟೇ ಅಲ್ಲ, ಕ್ಷೇಮವಾಗಿ ಇಳಿಯುವುದಕ್ಕೆ ದಾರಿ ಮಾಡುವುದೂ ಹೌದು. ಅದಕ್ಕೆ ಸಭೆ ಬೇಕಾಗಿಲ್ಲ, ಬಿರುದು ಬೇಕಾಗಿಲ್ಲ. ಇಂದು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಗದರದೆ, ಗಾಬರಿಯಾಗದೆ, ಈಚೆಗೆ ಎಲ್ಲಾದರೂ ಬಿದ್ದಿರೇನು, ಹೇಗೆ ಬಿದ್ದಿರಿ ಎಂದು ಕೇಳೋಣ. ಉತ್ತರ ಏನೇ ಬಂದರೂ ಅವರ ಸಂಜೆಯ ನಡಿಗೆಯನ್ನು ಕಿತ್ತುಕೊಳ್ಳುವುದಿಲ್ಲವೆಂದು ಮೊದಲೇ ಮಾತು ಕೊಟ್ಟು ಕೇಳೋಣ. ಆಮೇಲೆ ಎದ್ದುಹೋಗಿ ನೆಲವನ್ನು ನೋಡೋಣ.